ಸೌಲಭ್ಯ ಕೋರಿದ ಪತ್ರಕ್ಕೆ ಕಂಪನಿ ಉತ್ತರವನ್ನೇ ಕೊಡುತ್ತಿಲ್ಲ: ಮುಂದೇನು ಮಾಡಬೇಕು?

ಪ್ರಶ್ನೆ: ಮಲಪ್ರಭಾ ತೀರ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಸುಮಾರು 60 ನೌಕರರಿರುವ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನಾನು 9 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ಕಾಯಿಲೆಯಿಂದ ನನ್ನ ದೃಷ್ಟಿಯ ಹರವು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಎದುರಿಗಿರುವ ಅಂಕಿ ಕಾಣುತ್ತದೆ, ಪಕ್ಕದ ಸಾಲು ಕಾಣುವುದಿಲ್ಲ, ಕತ್ತಲಾದ ಮೇಲೆ ಒಬ್ಬಳೇ ಬಸ್ ನಿಲ್ದಾಣದವರೆಗೆ ನಡೆಯಲಾಗುವುದಿಲ್ಲ. ದೊಡ್ಡ ಮಾನಿಟರ್, ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದ ಜಾಗ, ಮೊಬೈಲಿನಲ್ಲಿ ತೆಗೆದ ಫೋಟೋಗಳ ಬದಲು ಸ್ಕ್ಯಾನ್ ಮಾಡಿದ ಬಿಲ್ಲುಗಳು, ಹತ್ತೂವರೆಯ ಬದಲು ಒಂಬತ್ತಕ್ಕೆ ಬಂದು ಸಂಜೆ ಆರಕ್ಕೆ ಹೊರಡುವ ಅವಕಾಶ, ಇಷ್ಟನ್ನು ಕೋರಿ ನಾಲ್ಕು ತಿಂಗಳಲ್ಲಿ ಮೂರು ಇಮೇಲ್ ಕಳಿಸಿದ್ದೇನೆ. ಒಂದಕ್ಕೂ ಉತ್ತರ ಬಂದಿಲ್ಲ. ಮಾನವ ಸಂಪನ್ಮೂಲ ವಿಭಾಗದವರು ಒಮ್ಮೆ ಬಾಯಿಮಾತಿನಲ್ಲಿ ‘ಮೊದಲು ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಬರಲಿ, ಆಮೇಲೆ ನೋಡೋಣ’ ಎಂದರು. ಇದರ ನಡುವೆ ಈ ವರ್ಷದ ಮೌಲ್ಯಮಾಪನದಲ್ಲಿ ‘ಕೆಲಸದ ವೇಗ ಸಾಲದು’ ಎಂದು ಬರೆದಿದ್ದಾರೆ. ಗಟ್ಟಿಯಾಗಿ ಕೇಳಿದರೆ ಕೆಲಸವೇ ಹೋದೀತೆಂಬ ಭಯವಿದೆ. ತಿಳಿದವರು ದಾರಿ ಹೇಳಬೇಕು.

ಉತ್ತರ 1: ಹಳೆಯ ಲೆಕ್ಕಿಗ, ಮೈಸೂರು

ನನಗೂ ಮಂದದೃಷ್ಟಿಯಿದೆ, ಇಂಥದೇ ಮೌನವನ್ನು ನಾನೂ ಏಳು ತಿಂಗಳು ಅನುಭವಿಸಿದ್ದೇನೆ. ‘ದಯವಿಟ್ಟು ಅನುಕೂಲ ಮಾಡಿಕೊಡಿ’ ಎಂದಷ್ಟೇ ಬರೆದದ್ದು ಆಗ ನಾನು ಮಾಡಿದ ತಪ್ಪು. ಅಂಥ ಪತ್ರವನ್ನು ಯಾರು ಬೇಕಾದರೂ ಬದಿಗಿಡಬಹುದು. ಯಾವ ಕೆಲಸದಲ್ಲಿ ಅಡ್ಡಿಯಾಗುತ್ತಿದೆ, ಏನು ಬದಲಾದರೆ ಅದು ನೀಗುತ್ತದೆ ಎಂಬುದನ್ನು ಜೊತೆಜೊತೆಯಾಗಿಯೇ ಹೇಳಬೇಕು. ಉದಾಹರಣೆಗೆ, ‘ಖರೀದಿ ಬಿಲ್ಲುಗಳು ಫೋಟೋ ರೂಪದಲ್ಲಿ ಬರುವುದರಿಂದ ಹಿಗ್ಗಿಸಿದಾಗ ಅಂಕಿಗಳು ಮಸುಕಾಗುತ್ತವೆ, ಸ್ಕ್ಯಾನ್ ಪ್ರತಿ ದೊರೆತರೆ ಅವನ್ನು ಅದೇ ದಿನ ನಮೂದಿಸಬಲ್ಲೆ’ ಎಂದು ಬರೆಯಿರಿ. ಹಿಂದಿನ ಮೂರು ಇಮೇಲ್‌ಗಳ ದಿನಾಂಕಗಳನ್ನು ಮೊದಲ ಪ್ಯಾರಾದಲ್ಲೇ ನಮೂದಿಸಿ, 15 ದಿನಗಳೊಳಗೆ ಲಿಖಿತ ಉತ್ತರ ಕೋರಿ, ನೇತ್ರತಜ್ಞರ ವರದಿಯ ನಕಲನ್ನು ಲಗತ್ತಿಸಿರಿ. ಪತ್ರದ ಒಂದು ಪ್ರತಿಯನ್ನು ಕಚೇರಿಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಮತ್ತು ಮುದ್ರೆ ಹಾಕಿಸಿಕೊಳ್ಳಿರಿ. ಅವರು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ.

ಇದಕ್ಕಿಂತಲೂ ತುರ್ತಾದದ್ದು ಮೌಲ್ಯಮಾಪನದ ವಿಷಯ. ಅದಕ್ಕೆ ಈಗಲೇ ಲಿಖಿತ ಆಕ್ಷೇಪಣೆ ಸಲ್ಲಿಸಿ, ವೇಗ ಕುಗ್ಗಿದ್ದಕ್ಕೂ ನಾಲ್ಕು ತಿಂಗಳಿಂದ ಸೌಲಭ್ಯ ಸಿಗದಿರುವುದಕ್ಕೂ ಇರುವ ಸಂಬಂಧವನ್ನು ದಾಖಲಿಸಿರಿ. ಇಂದು ಸುಮ್ಮನಿದ್ದರೆ ನಾಳೆ ಆ ಒಂದು ಸಾಲೇ ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ. ನನ್ನದು ಸರ್ಕಾರಿ ಕಚೇರಿಯಾಗಿದ್ದರಿಂದ ಅಲ್ಲಿನ ಕುಂದುಕೊರತೆ ನಿವಾರಣಾಧಿಕಾರಿಯ ಬಳಿ ದೂರು ನೋಂದಾಯಿಸಿದ್ದೆ. ನಿಮ್ಮಲ್ಲಿಯೂ ಅಂಥವರು ಇದ್ದಾರೆಯೇ ವಿಚಾರಿಸಿರಿ.

ಉತ್ತರ 2: ಕರಾವಳಿಯ ವಕೀಲೆ, ಮಂಗಳೂರು

ಮೇಲಿನ ಸಲಹೆಗಳೆಲ್ಲ ಸರಿಯಾಗಿವೆ, ಆದರೆ ಕೊನೆಯ ಮಾತನ್ನು ತಿದ್ದಬೇಕಾಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 23ನೆಯ ಕಲಮಿನಲ್ಲಿ ಹೇಳಿರುವ ಕುಂದುಕೊರತೆ ನಿವಾರಣಾಧಿಕಾರಿ ಹಾಗೂ ಎರಡು ವಾರಗಳ ವಿಚಾರಣೆಯ ಗಡುವು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತವೆ. ನೌಕರರಿಗೆ ಸೌಲಭ್ಯ ಒದಗಿಸಲೇಬೇಕೆಂದು ನೇರವಾಗಿ ವಿಧಿಸುವ 20ನೆಯ ಕಲಮೂ ಹಾಗೆಯೇ. ಖಾಸಗಿ ಕಂಪನಿಗೆ ಬರೆಯುವ ಪತ್ರದಲ್ಲಿ ಇವನ್ನು ಉಲ್ಲೇಖಿಸಿದರೆ ಅವರ ವಕೀಲರು ಅದೊಂದನ್ನೇ ಹಿಡಿದು ಪತ್ರವನ್ನು ತಳ್ಳಿಹಾಕುತ್ತಾರೆ.

ನೀವು ಆಧರಿಸಬೇಕಾದವು ಬೇರೆ. ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಂಥ ತಕ್ಕ ಮಾರ್ಪಾಡನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಈ ಕಾಯ್ದೆಯ 2ನೆಯ ಕಲಮಿನ ವ್ಯಾಖ್ಯೆ ಹೇಳುತ್ತದೆ, 3ನೆಯ ಕಲಮು ಅಂಗವೈಕಲ್ಯದ ಕಾರಣದ ತಾರತಮ್ಯವನ್ನು ನಿಷೇಧಿಸುತ್ತದೆ. 21ನೆಯ ಕಲಮಿನಂತೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ಸೌಲಭ್ಯಗಳ ವಿವರವೂ ಸಂಪರ್ಕಾಧಿಕಾರಿಯ ನೇಮಕವೂ ಇರಬೇಕೆಂದು 2017ರ ಕೇಂದ್ರ ನಿಯಮಗಳು ತಿಳಿಸುತ್ತವೆ. ಆದ್ದರಿಂದ ಆ ನೀತಿಯ ಪ್ರತಿಯನ್ನು ಮೊದಲು ಕೇಳಿರಿ. ತಕ್ಕ ಮಾರ್ಪಾಡು ಆಯಾ ವ್ಯಕ್ತಿಯ ಅಗತ್ಯಕ್ಕೆ ಅನುಗುಣವಾಗಿರಬೇಕೆಂದು ಸುಪ್ರೀಂ ಕೋರ್ಟ್ 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಕಾರ್ಡಿನ ನೆಪ ನಿಲ್ಲುವುದಿಲ್ಲ. ಅಂಗವೈಕಲ್ಯ ಕನಿಷ್ಠ ಶೇ 40ರಷ್ಟಿರಬೇಕೆಂಬ ಮಿತಿ ಮೀಸಲಾತಿಯಂಥ ಸವಲತ್ತುಗಳಿಗೆ ಇರುವುದು. ಅದೇ ವಿಕಾಸ್ ಕುಮಾರ್ ತೀರ್ಪು ತಾರತಮ್ಯದಿಂದ ರಕ್ಷಣೆಗೆ ಆ ಮಿತಿಯನ್ನು ತಳಕುಹಾಕಬಾರದೆಂದಿದೆ. ಆದರೂ ಅರ್ಜಿಯನ್ನು ಬೇಗ ಹಾಕಿಬಿಡಿ, ಏಕೆಂದರೆ ದೃಷ್ಟಿಯ ಹರವು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿಯವರೆಗೆ ಕುಗ್ಗಿರುವುದನ್ನು ಕಾಯ್ದೆಯೇ ಮಂದದೃಷ್ಟಿಯೆಂದು ಪರಿಗಣಿಸುತ್ತದೆ.

ಪತ್ರದಲ್ಲಿ ಕೊಟ್ಟ 15 ದಿನಗಳ ಗಡುವು ಮುಗಿದರೂ ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ದಾಖಲೆಗಳ ಸಮೇತ ದೂರು ಸಲ್ಲಿಸಿರಿ. ದಾಖಲೆ ತರಿಸುವ, ಸಂಬಂಧಪಟ್ಟವರನ್ನು ಕರೆಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಕೊಡುವುದು ಶಿಫಾರಸೇ ಹೊರತು ನ್ಯಾಯಾಲಯದ ಆದೇಶವಲ್ಲ ಎಂಬುದನ್ನು ಮುಚ್ಚಿಡಲಾರೆ. ಆದರೂ ನಾಲ್ಕು ತಿಂಗಳು ಬಾಯಿಬಿಡದ ಕಂಪನಿಗಳು ಆಯುಕ್ತರ ನೋಟಿಸು ಬಂದ ವಾರದಲ್ಲೇ ಮಾತುಕತೆಗೆ ಕರೆದದ್ದನ್ನು ನನ್ನ ವೃತ್ತಿಯಲ್ಲಿ ಕಂಡಿದ್ದೇನೆ.

ಉತ್ತರ 3: ಬೆಳಕಿನ ಬಳಗದವ, ಧಾರವಾಡ

ಅಲ್ಲಿಯವರೆಗಿನ ಉಪಾಯ: ವಿಂಡೋಸ್ ಕೀಲಿಯೊಂದಿಗೆ ಕೂಡುವ ಚಿಹ್ನೆಯನ್ನು ಒತ್ತಿದರೆ ಪರದೆ ಹಿಗ್ಗುತ್ತದೆ, ಎನ್‌ವಿಡಿಎ ಎಂಬ ಪರದೆವಾಚಕ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ನೀವು ಕೇಳಿರುವುದರಲ್ಲಿ ಹಣ ಬೇಕಾದದ್ದು ಮಾನಿಟರಿಗೆ ಮಾತ್ರ ಎಂಬುದನ್ನೂ ಪತ್ರದಲ್ಲಿ ಬರೆಯಿರಿ ಅಕ್ಕಾ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಮೌಲ್ಯಮಾಪನದ ಆಕ್ಷೇಪಣೆಯನ್ನು ನಿನ್ನೆ ಕೊಟ್ಟು ಸ್ವೀಕೃತಿಯ ಸಹಿ ಪಡೆದಿದ್ದೇನೆ. ಸಮಾನ ಅವಕಾಶ ನೀತಿಯ ಪ್ರತಿಯನ್ನು ಕೇಳಿದಾಗ ಯಾರ ಬಳಿಯೂ ಇರಲಿಲ್ಲ. ಅದನ್ನೂ ದಿನಾಂಕದೊಂದಿಗೆ ಬರೆದಿಟ್ಟಿದ್ದೇನೆ. ಸೌಲಭ್ಯದ ಪತ್ರ ಸೋಮವಾರ ಸ್ಪೀಡ್ ಪೋಸ್ಟಿನಲ್ಲಿ ಹೋಗುತ್ತದೆ.