ಸುಣ್ಣಕಲ್ಲಿನ ನೆಲದಲ್ಲಿ ಗಾಳಿಯಂತ್ರದ ಪಾಯ: ಗ್ರೂಪ್‌ನ ಪ್ರಶ್ನೋತ್ತರ

ಸೈಟ್ ಇಂಜಿನಿಯರ್: ಮೇಡಂ, ನಮಸ್ಕಾರ. ಟರ್ಬೈನ್ ಜಾಗದ ನಡುಮಧ್ಯೆ ನೆಲ ಪರೀಕ್ಷೆಗೆ ಒಂದೇ ಬೋರ್ ಹಾಕಿದ್ದೇವೆ. 4 ಮೀಟರ್‌ಗೆ ಗಟ್ಟಿ ಸುಣ್ಣಕಲ್ಲು ಸಿಕ್ಕಿತು. 9 ಮೀಟರ್‌ನಲ್ಲಿ ರಾಡ್ ದಿಢೀರನೆ ಅರ್ಧ ಮೀಟರ್ ಇಳಿಯಿತು, ಡ್ರಿಲ್ಲಿಂಗ್ ನೀರೂ ಮೇಲೆ ಬರಲಿಲ್ಲ. ಆಮೇಲೆ ಮತ್ತೆ ಕಲ್ಲು. ಪಾಯ ಶುರು ಮಾಡಬಹುದಾ?

ಜಿಯೋಟೆಕ್ ಮೇಡಂ (ಪಾಯದ ನೆಲ-ಕಲ್ಲು ಪರೀಕ್ಷಿಸುವ ಇಂಜಿನಿಯರ್): ಬೇಡ, ನಿಲ್ಲಿಸಿ. ಅಲ್ಲಿ ಪೊಳ್ಳಿರುವ ಹಾಗಿದೆ, ನೀರು ಹೋಗಲು ದಾರಿಯೂ ಇದೆ. ಮಳೆನೀರು ಮಣ್ಣಿನ ಕಾರ್ಬನ್ ಡೈಆಕ್ಸೈಡ್ ಸೇರಿ ತುಸು ಆಮ್ಲವಾಗುತ್ತದೆ, ಬಿರುಕಿನಲ್ಲಿ ಇಳಿದು ಅಲ್ಲಲ್ಲಿ ಕಲ್ಲನ್ನು ಕರಗಿಸುತ್ತದೆ. ಹಾಗಾಗಿ ಎರಡು ಮೀಟರ್ ಆಚೆ ಏನಿದೆ ಅಂತ ಈ ಬೋರ್ ಹೇಳುವುದಿಲ್ಲ. ಗಾಳಿ ಟವರನ್ನು ತಳ್ಳಿದಾಗ ಒತ್ತಡ ಏರುವುದು ಪಾಯದ ಒಂದು ಅಂಚಿನಲ್ಲಿ. ಗಾಳಿ ತಿರುಗಿದರೆ ಆ ಅಂಚೂ ಬದಲಾಗುತ್ತದೆ. ನೀವು ನೋಡಿರುವುದು ನಡುವನ್ನು ಮಾತ್ರ!

ಮೊದಲು ಅಡ್ಡ, ಉದ್ದ ಎರಡೂ ಸಾಲಿನಲ್ಲಿ ವಿದ್ಯುತ್ ರೋಧದ ಸರ್ವೆ (ನೆಲಕ್ಕೆ ವಿದ್ಯುತ್ ಹರಿಸಿ ರೋಧ ಅಳೆಯುವುದು) ಮಾಡಿಸಿ. ಒದ್ದೆ ಜೇಡಿ ತುಂಬಿದ ಪೊಳ್ಳು ಕಡಿಮೆ ರೋಧ ತೋರಿಸುತ್ತದೆ, ಒಣ ಪೊಳ್ಳು ಜಾಸ್ತಿ. ಬರೀ ಅದನ್ನೇ ನಂಬಬೇಡಿ. ಅನುಮಾನ ಬಂದ ಕಡೆ, ಅಂಚಿನ ಸುತ್ತಲೂ ಬೋರ್ ಹಾಕಿ ಖಚಿತ ಮಾಡಿಕೊಳ್ಳಿ. ಪೊಳ್ಳಿನ ಅಗಲ, ಅದರ ಮೇಲಿನ ಕಲ್ಲಿನ ದಪ್ಪ ಗೊತ್ತಾದ ಮೇಲೆ ಟರ್ಬೈನ್ ಸರಿಸುವುದೋ, ಪೊಳ್ಳಿಗೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬುವುದೋ ನೋಡೋಣ. ನೆಲ ಭಾರ ತಾಳಿದರೆ ಸಾಲದು. ಪಾಯ ವಾಲದಂತೆ ಹಿಡಿಯುವ ಬಿಗಿಯೂ ಬೇಕು. ಅದು ಕಡಿಮೆಯಾದರೆ ಟವರ್‌ನ ಸಹಜ ಕಂಪನದ ವೇಗ ಇಳಿದು ರೋಟರ್ (ತಿರುಗುವ ರೆಕ್ಕೆಗಳ) ಲಯಕ್ಕೆ ಹತ್ತಿರ ಬಂದು ಅಲುಗಾಟ ಹೆಚ್ಚಬಹುದು.

ಸದಸ್ಯ: ಫಾರ್ವರ್ಡ್ ಬಂದಿದೆ: "ಗುಂಡಿ ತೋಡಿ ನೀರು ತುಂಬಿ. ಬೆಳಗಿನವರೆಗೆ ನಿಂತರೆ ಪೊಳ್ಳಿಲ್ಲ. ಎಲ್ಲರಿಗೂ ಕಳಿಸಿ."

ಜಿಯೋಟೆಕ್ ಮೇಡಂ: ಯಾರಿಗೂ ಕಳಿಸಬೇಡಿ! ಜೇಡಿ ಮುಚ್ಚಿದ್ದರೆ ನೀರು ನಿಲ್ಲುತ್ತದೆ, ಪೊಳ್ಳು ಕೆಳಗೆ ಹಾಗೇ ಇರುತ್ತದೆ. ನಿಲ್ಲದಿದ್ದರೆ ಆ ನೀರೇ ಮಣ್ಣನ್ನು ಕೊಚ್ಚಿ ನೆಲ ಕುಸಿಯುವಂತೆ ಮಾಡಬಹುದು. ಪಾಯದ ಪಕ್ಕ ಇಂಗುಗುಂಡಿಯೂ ಬೇಡ.

ವಿದ್ಯಾರ್ಥಿ: ಒಂದು ಬೋರ್ ಸಾಕಾ ಮೇಡಂ?

ಜಿಯೋಟೆಕ್ ಮೇಡಂ: ಸಾಲದು. ಮೇಲೆ ಓದಿ.

ಕಾಂಟ್ರಾಕ್ಟರ್: ಸುಮ್ನೆ ಪೈಲ್ ಹಾಕಿ ಕಂಬಗಳನ್ನ ಆಳಕ್ಕೆ ಇಳಿಸಿದ್ರೆ ಮುಗೀತಲ್ವಾ?

ಸರ್ವೇಯರ್: ಪೈಲ್ ತುದಿ ಇನ್ನೊಂದು ಪೊಳ್ಳಿನ ಮೇಲೆ ಕೂತರೆ?

ಕಾಂಟ್ರಾಕ್ಟರ್: ನೀವು ಎಷ್ಟು ಪೈಲ್ ಹಾಕಿಸಿದ್ದೀರಿ ಸ್ವಾಮಿ?

ಸರ್ವೇಯರ್: ಪ್ರಶ್ನೆಗೆ ಉತ್ತರ ಕೊಡಿ, ಸರ್ವೀಸ್ ಬುಕ್ ಕೇಳಬೇಡಿ.

ಸದಸ್ಯೆ: ಗ್ರೌಟ್ ಎಷ್ಟು ಬೇಕಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಬಹುದಾ?

ಕಾಂಟ್ರಾಕ್ಟರ್: ಸರ್ವೇಯರ್ ಸಾಹೇಬ್ರನ್ನೇ ಕೇಳಿ, ಅವರಿಗೆ ಎಲ್ಲ ಗೊತ್ತು.

ವಿದ್ಯಾರ್ಥಿ 2: ಮಧ್ಯದಲ್ಲಿ ಒಂದೇ ಬೋರ್ ಹಾಕಿದರೆ...

ಜಿಯೋಟೆಕ್ ಮೇಡಂ: ಮೇಲೆ!! ಸೈಟ್ ಇಂಜಿನಿಯರ್, ಬೋರ್‌ನಿಂದ ತೆಗೆದ ಕಲ್ಲಿನ ತುಂಡುಗಳಿರುವ ಕೋರ್ ಪೆಟ್ಟಿಗೆಯ ಫೋಟೋ ನನಗೆ ನೇರ ಕಳಿಸಿ. ಇಲ್ಲಿ ಹಾಕಬೇಡಿ.