ಪದಚರ್ಚೆ: ಸ್ಟೇರಿಂಗ್ ‘ಸ್ಮೂತಾಗಿ’ ತಿರುಗಿಸುವುದಕ್ಕೆ ನಮ್ಮ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಕಾರ್ ರೇಸ್ ಗೇಮ್ ಆಡುವುದನ್ನು ಕನ್ನಡದಲ್ಲೇ ಹೇಳಿಕೊಡುವ ವಿಡಿಯೊ ಮಾಡುತ್ತಿದ್ದೇನೆ. ಒಂದು ಮಾತು ಸಿಗದೆ ಕೆಲಸ ನಿಂತಿದೆ. ಸ್ಟೇರಿಂಗ್ ‘ಸ್ಮೂತಾಗಿ’ ತಿರುಗಿಸು ಅನ್ನುತ್ತೇವಲ್ಲ, ಅದಕ್ಕೆ ಏನನ್ನೋಣ?

ಮೊದಲು ‘ಮೆಲ್ಲಗೆ’ ಅಂದು ನೋಡಿದೆ. ಅಕ್ಕನ ಮಗ ಗ್ರಾನ್ ಟುರಿಸ್ಮೊ 7 ಅನ್ನುವ ಗೇಮ್‌ನಲ್ಲಿ ಜಪಾನಿನ ಸುಜುಕಾ ಟ್ರ್ಯಾಕ್ ಓಡಿಸುತ್ತಿದ್ದ. ಹೋಂಡಾ ಕಟ್ಟಿಸಿದ ಟ್ರ್ಯಾಕ್ ಅದು, 1962ರದು. ಉದ್ದ 5.807 ಕಿ.ಮೀ. ಮೊದಲ ಎರಡು ಬಲ ತಿರುವು ದಾಟಿದ ಕೂಡಲೇ ಎಡ, ಬಲ, ಎಡ, ಬಲ ಎಂದು ಹಾವಿನ ಹಾಗೆ ಹೊರಳುವ ದಾರಿ. ‘ಮೆಲ್ಲಗೆ ತಿರುಗಿಸೋ’ ಅಂದೆ. ಅವನು ಹೆಬ್ಬೆರಳಲ್ಲಿ ಕಂಟ್ರೋಲರ್ ಸ್ಟಿಕ್ಕನ್ನು ನಿಜಕ್ಕೂ ಮೆಲ್ಲಗೆ ಸರಿಸಿದ. ಎಡದಿಂದ ಬಲಕ್ಕೆ ಹೊರಳುವಷ್ಟರಲ್ಲಿ ತಡವಾಯಿತು. ಗಾಬರಿಯಲ್ಲಿ ಸ್ಟಿಕ್ಕನ್ನು ಪೂರ್ತಿ ತಳ್ಳಿದ. ಟೈರು ಕಿರುಚಿತು, ಮೂತಿ ತಿರುಗಲೇ ಇಲ್ಲ, ಕಾರು ನೆಟ್ಟಗೆ ಟ್ರ್ಯಾಕ್ ಬಿಟ್ಟು ಹೊರಗೆ ಹೋಯಿತು. ‘ನೀನೇ ಅಲ್ವಾ ಮಾಮ, ಮೆಲ್ಲಗೆ ಅಂದಿದ್ದು?’ ಎಂದು ಕೇಳಿದ.

ಅವನು ಹೇಳಿದ್ದು ಸರಿ. ಮೆಲ್ಲಗೆ ಅಂದರೆ ನಿಧಾನ. ನಾನು ಹೇಳಬೇಕಾದದ್ದು ಅದಲ್ಲ. ಕೈ ಬೇಗ ಓಡಲಿ, ಆದರೆ ಮಧ್ಯೆ ತಡವರಿಸಬಾರದು, ಜರ್ಕ್ ಹೊಡೆಯಬಾರದು. ಕಾರಿನ ಭಾರ ಹೊರಗಿನ ಟೈರುಗಳ ಮೇಲೆ ವಾಲುವುದಕ್ಕೆ ಒಂದು ಗಳಿಗೆ ಬೇಕು. ಅದಕ್ಕೆ ಮೊದಲೇ ಫುಲ್ ಕಟ್ ಮಾಡಿದರೆ, ಅಂದರೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿಬಿಟ್ಟರೆ, ಮುಂದಿನ ಟೈರುಗಳ ಹಿಡಿತ ಮುಗಿದುಹೋಗುತ್ತದೆ. ಟೈರು ತಾನು ಸಾಗುವ ದಿಕ್ಕಿಗೆ ಕೆಲವೇ ಡಿಗ್ರಿ ಓರೆ ಇದ್ದಾಗ ಹಿಡಿತ ಜಾಸ್ತಿ. ಅದನ್ನು ಮೀರಿದರೆ ಎಷ್ಟು ತಿರುಗಿಸಿದರೂ ಸುಮ್ನೆ ಉಜ್ಜಿಕೊಂಡು ಮುಂದೆ ಹೋಗುತ್ತದೆ. ಒಳ್ಳೆಯ ಗೇಮ್‌ಗಳು ಈ ಲೆಕ್ಕವನ್ನೆಲ್ಲ ಹಾಕುತ್ತವೆ.

‘ನಯವಾಗಿ’ ಅಂದರೆ ಯಾರದೋ ಮಾತು, ಇಲ್ಲವೇ ಉಜ್ಜಿದ ಮರ ನೆನಪಾಗುತ್ತದೆ. ‘ಸಲೀಸಾಗಿ’ ಅಂದರೆ ಸುಲಭ ಅಂತಾಯಿತು. ‘ಹದವಾಗಿ’ ನನಗೆ ತುಂಬ ಇಷ್ಟ, ಆದರೆ ಅದು ಎಷ್ಟು ತಿರುಗಿಸಬೇಕು ಎಂದು ಹೇಳುತ್ತದೆ, ಹೇಗೆ ಎಂದಲ್ಲ. ಸಂಗೀತದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಹೋಗುವುದನ್ನು ‘ಜಾರು’ ಅನ್ನುತ್ತಾರೆ. ಎಷ್ಟು ಚೆನ್ನಾಗಿದೆ! ಆದರೆ ರಸ್ತೆಯ ಮೇಲೆ ಜಾರುವುದು ಎಂದರೆ ಟೈರು ಹಿಡಿತ ಬಿಡುವುದು. ನಾವು ಬೇಡ ಅನ್ನುತ್ತಿರುವುದೇ ಅದನ್ನು.

ಕೊನೆಗೆ ಅಮ್ಮ ಬಾಗಿಲಲ್ಲಿ ರಂಗೋಲಿ ಹಾಕುವುದನ್ನು ನೋಡಿ ಒಂದು ಮಾತು ಹೊಳೆಯಿತು. ಚುಕ್ಕಿಗಳನ್ನು ಎಡಕ್ಕೆ, ಬಲಕ್ಕೆ ಬಳಸಿಕೊಂಡು ಎಳೆ ಹೋಗುತ್ತದೆ. ಕೈ ನಿಂತರೆ ಪುಡಿ ಅಲ್ಲೇ ಗುಡ್ಡೆಯಾಗುತ್ತದೆ. ಕೊಸರಿದರೆ ಎಳೆ ಕಡಿಯುತ್ತದೆ. ಅವರ ಕೈ ನಿಧಾನವೇನಲ್ಲ, ಸರಸರ ಓಡುತ್ತದೆ. ಸುಜುಕಾದ ಆ ತಿರುವುಗಳಿಗೆ ಬೇಕಾದ ಕೈ ಇದೇ. ‘ಒಂದೇ ಎಳೆಯಲ್ಲಿ ತಿರುಗಿಸು, ಅಜ್ಜಿ ರಂಗೋಲಿ ಹಾಕುವ ಹಾಗೆ’ ಅಂದಾಗ ಹುಡುಗನಿಗೆ ತಕ್ಷಣ ಅರ್ಥವಾಯಿತು.

ಒಂದು ತೊಡಕಿದೆ. ‘ಎಳೆ’ ಅಂದರೆ ಜಗ್ಗು ಎಂದೂ ಆಗುತ್ತದೆ. ‘ಗಾಡಿ ಎಡಕ್ಕೆ ಎಳೀತಿದೆ’ ಅಂದರೆ ವೀಲ್ ಅಲೈನ್‌ಮೆಂಟ್ ನೋಡಿಸಬೇಕು ಅಂತ ಡ್ರೈವರುಗಳಿಗೆ ಗೊತ್ತು. ‘ಎಳೆತಿರುವು’ ಎಂದು ಪದ ಕಟ್ಟಿದರೆ ಎಳೆಗರು, ಎಳೆಬಿಸಿಲಿನ ‘ಎಳೆ’ ಅಂದುಕೊಂಡಾರು. ಹಾಗಾಗಿ ‘ಒಂದೇ ಎಳೆಯಲ್ಲಿ’ ಎಂದು ಬಿಡಿಸಿ ಹೇಳುವುದೇ ವಾಸಿ ಅಂತ ನನಗೆ ಕಾಣುತ್ತದೆ. ನಿಮಗೇನನ್ನಿಸುತ್ತದೆ?

ಇನ್ನೊಂದು ಪದವೂ ಬೇಕು. ತಿರುವು ಮುಗಿಯುತ್ತಾ ಸ್ಟೇರಿಂಗನ್ನು ಸ್ವಲ್ಪಸ್ವಲ್ಪವೇ ನೆಟ್ಟಗೆ ತರಬೇಕಲ್ಲ, ಅದಕ್ಕೆ. ‘ಬಿಡು’ ಅಂದರೆ ಮಕ್ಕಳು ಪೂರ್ತಿ ಬಿಟ್ಟುಬಿಡುತ್ತಾರೆ. ಸ್ಟಿಕ್ ಟಕ್ ಅಂತ ನಡುವಿಗೆ ಬಂದು ಕಾರು ಅದುರುತ್ತದೆ. ಬಸ್ಸು, ಲಾರಿ ಓಡಿಸುವವರ ಬಾಯಲ್ಲಿ, ಇಲ್ಲವೇ ಮಗ್ಗದ ಕೆಲಸದಲ್ಲಿ ಇದಕ್ಕೆ ಮಾತಿದ್ದರೆ ತಿಳಿಸಿ. ಯಾವ ಊರಿನ ಕಡೆ ಕೇಳಿದ್ದು ಅಂತಲೂ ಬರೆಯಿರಿ.