ಅಪ್‌ಡೇಟ್: ಕಾರು ಓಡಿಸದೆ ದೂರದ ಆಸ್ಪತ್ರೆಗೆ

ದೃಷ್ಟಿ ಕುಂದಿ ಕಾರು ಓಡಿಸುವುದನ್ನು ಬಿಟ್ಟ ಮೇಲೆ ದೂರದ ಕಣ್ಣಿನ ಆಸ್ಪತ್ರೆಗೆ ಹೋಗುವುದು ಹೇಗೆಂದು ಕೇಳಿದ್ದೆ. ಸದ್ಯಕ್ಕೆ ರೈಲು, ನಿಲ್ದಾಣದಿಂದ ಟ್ಯಾಕ್ಸಿ. ಆದರೆ ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ಆಸ್ಪತ್ರೆಗೆ ಮಾಡಿದ ಒಂದು ಫೋನ್ ಕರೆ. ದೂರದಿಂದ ಬರುತ್ತೇನೆಂದು ತಿಳಿಸಿದ ಕೂಡಲೇ ಸ್ಕ್ಯಾನ್, ರಕ್ತಪರೀಕ್ಷೆ, ವೈದ್ಯರ ಭೇಟಿಗಳನ್ನು ಒಂದೇ ಮಧ್ಯಾಹ್ನಕ್ಕೆ ಹೊಂದಿಸಿದರು. ವರದಿ ಚರ್ಚಿಸುವ ಭೇಟಿಯನ್ನು ವಿಡಿಯೊ ಕರೆಗೆ ಬದಲಿಸಿದರು. (ಕೇಳದೆ ಯಾರೂ ತಾವಾಗಿ ಹೇಳುವುದಿಲ್ಲ, ಬಿಡಿ.) ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಸಾಮಾನ್ಯವಾಗಿ 4ರಿಂದ 6 ಗಂಟೆ, ಕೆಲವರಿಗೆ ಇಡೀ ದಿನ ನೋಟ ಮಂಜಾಗಿರುತ್ತದೆ. ಹಾಗಾಗಿ ಮರಳುವ ಟ್ಯಾಕ್ಸಿಯನ್ನು ಮೊದಲೇ ಗೊತ್ತುಮಾಡುತ್ತೇನೆ; ಮೊಬೈಲ್ ಪರದೆ ಆಗ ಓದಲಾಗದು. ಮುಂದಿನದು ಮಂಪರು ಔಷಧ ಕೊಟ್ಟು ಮಾಡುವ ಚಿಕಿತ್ಸೆ. ಅದಕ್ಕೆ ಪರಿಚಿತ ವಯಸ್ಕರೊಬ್ಬರು ಜೊತೆಗಿರಲೇಬೇಕು, ಟ್ಯಾಕ್ಸಿ ಚಾಲಕ ಸಾಲದು ಎಂದಿದ್ದಾರೆ. ಸೋದರಮಾವ ಒಪ್ಪಿದ್ದಾರೆ, ಕಿಟಕಿ ಪಕ್ಕದ ಸೀಟು ತಮಗೇ ಬೇಕೆಂಬ ಷರತ್ತಿನೊಂದಿಗೆ.